ಗ್ಯಾಲರಿ ಬಾಗಿಲು ತೆರೆದೇ ಇದೆ: ಈ ವಾರ ಬೆಂಗಳೂರಲ್ಲಿ ಕಲೆ ನೋಡೋಕೆ ಎಲ್ಲಿಗೆ ಹೋಗಬೇಕು?



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ಬೆಂಗಳೂರಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಎರಡು? ಐದು? ಹುಟ್ಟಿದಾಗಿನಿಂದ? ಇಷ್ಟು ವರ್ಷಗಳಲ್ಲಿ ಒಂದು ಆರ್ಟ್ ಗ್ಯಾಲರಿ ಒಳಗೆ ಎಷ್ಟು ಸಲ ಹೋಗಿದ್ದೀರಿ? ಶಾಲೆಯ ಟ್ರಿಪ್ ಲೆಕ್ಕಕ್ಕಿಲ್ಲ. ನೀವಾಗೇ, ಒಂದು ಶನಿವಾರ, ಸಿನಿಮಾಗೆ ಹೋದ ಹಾಗೆ.

ಬಹಳ ಜನರ ಉತ್ತರ ಸೊನ್ನೆ. ನನ್ನ ಉತ್ತರವೂ ಬಹಳ ವರ್ಷ ಸೊನ್ನೆಯೇ ಆಗಿತ್ತು. ಕಾಲೇಜಿನಲ್ಲಿದ್ದಾಗ ಒಮ್ಮೆ ಒಂದು ಗ್ಯಾಲರಿಯ ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೆ. ಒಳಗೆ ಬಿಳಿ ಗೋಡೆ, ತಣ್ಣನೆಯ ಬೆಳಕು, ಒಬ್ಬರೋ ಇಬ್ಬರೋ ಜನ. ಯಾರೂ ನನ್ನನ್ನು ತಡೆದಿರಲಿಲ್ಲ. ‘ಟಿಕೆಟ್ ಎಷ್ಟಿರುತ್ತೋ, ಏನಾದ್ರೂ ಕೇಳಿದ್ರೆ ಏನು ಹೇಳೋದು, ಇದು ನನ್ನಂಥವರಿಗಲ್ಲ’ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅಲ್ಲಿ ಟಿಕೆಟ್ಟೇ ಇರಲಿಲ್ಲ ಅನ್ನೋದು ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ.

ಹಾಗಾಗಿ ಈ ವಾರ ಎಲ್ಲಿ ಏನು ನೋಡಬಹುದು ಅನ್ನೋದರ ಜೊತೆಗೆ, ಆ ಗೇಟು ದಾಟೋದು ಹೇಗೆ ಅನ್ನೋದನ್ನೂ ಮಾತಾಡೋಣ. ಪ್ರದರ್ಶನಗಳ ಹೆಸರಿನ ಪಟ್ಟಿ ಓದಲ್ಲ. ಬಾಡಿಗೆ ಗ್ಯಾಲರಿಗಳಲ್ಲಿ ಒಂದು ಪ್ರದರ್ಶನ ನಾಲ್ಕೈದು ದಿನ, ಹೆಚ್ಚೆಂದರೆ ವಾರ, ಹತ್ತು ದಿನ ಇರುತ್ತೆ. ನೀವು ಇದನ್ನು ಕೇಳೋ ಹೊತ್ತಿಗೆ ಅರ್ಧ ಪಟ್ಟಿ ಹಳೆಯದಾಗಿರುತ್ತೆ. ಜಾಗಗಳು ಮಾತ್ರ ಬದಲಾಗಲ್ಲ. ಜಾಗ ಗೊತ್ತಿದ್ದರೆ ಯಾವ ವಾರ ಬೇಕಾದರೂ ಹೋಗಬಹುದು.

ನೀವು ಈಗಾಗಲೇ ಫಾರ್ವರ್ಡ್ ಮಾಡಿದ್ದೀರಿ

‘ಸಮಕಾಲೀನ ಕಲೆ’ ಅನ್ನೋ ಪದ ಕೇಳಿದ ತಕ್ಷಣ ಅದು ನಮಗೆ ಅರ್ಥವಾಗದ ಏನೋ ಒಂದು ಅನ್ನಿಸುತ್ತೆ. ಆದರೆ 2019ರ ಸೆಪ್ಟೆಂಬರ್ ನೆನಪು ಮಾಡ್ಕೊಳ್ಳಿ. ಚಂದ್ರಯಾನ-2 ಚಂದ್ರನ ಮೇಲೆ ಇಳಿಯೋಕೆ ಕೆಲವೇ ದಿನ ಬಾಕಿ. ಆಗ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು. ಗಗನಯಾತ್ರಿ ವೇಷದ ಒಬ್ಬರು ಕುಳಿ ಬಿದ್ದ ನೆಲದ ಮೇಲೆ ನಿಧಾನಕ್ಕೆ ಹೆಜ್ಜೆ ಹಾಕ್ತಿದ್ದಾರೆ. ಚಂದ್ರನೇ ಅಂದ್ಕೊಳ್ಳೋಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೊ ಹಾದುಹೋಗುತ್ತೆ! ಅದು ಹೇರೋಹಳ್ಳಿ ಕಡೆಯ ರಸ್ತೆ. ಮಾಡಿದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯಲ್ಲಿ ಮೊಸಳೆ ಕೂರಿಸಿದವರೂ ಇವರೇ. ಎರಡೂ ಸಲ ಸುದ್ದಿಯಾದ ಬೆನ್ನಲ್ಲೇ ರಸ್ತೆ ರಿಪೇರಿ ಶುರುವಾಯ್ತು.

ಅದನ್ನು ಅರ್ಥ ಮಾಡ್ಕೊಳ್ಳೋಕೆ ನಿಮಗೆ ಯಾವ ಕೋರ್ಸೂ ಬೇಕಾಗಲಿಲ್ಲ, ಅಲ್ವಾ? ನಮ್ಮ ಕಾಲದ ಒಂದು ಸಂಗತಿ, ಅದನ್ನು ಹೇಳೋಕೆ ಸೂಕ್ತವಾದ ವಸ್ತು, ನಾವು ನಿರೀಕ್ಷಿಸದ ಜಾಗ. ಸಮಕಾಲೀನ ಕಲೆ ಅಂದರೆ ಹೆಚ್ಚುಕಡಿಮೆ ಇಷ್ಟೇ. ಈಗ ಬದುಕಿರುವ, ಅಥವಾ ನಮ್ಮ ನಿಮ್ಮ ಕಾಲದಲ್ಲೇ ಕೆಲಸ ಮಾಡಿದ ಕಲಾವಿದರು ಈ ಕಾಲದ ಬಗ್ಗೆ ಮಾಡುವ ಕಲೆ. ಅದು ಬಣ್ಣ-ಕ್ಯಾನ್ವಾಸೇ ಆಗಬೇಕು ಅಂತಿಲ್ಲ. ಫೋಟೊ ಆಗಬಹುದು, ವಿಡಿಯೊ ಆಗಬಹುದು, ಒಂದು ಕೋಣೆ ತುಂಬಾ ಜೋಡಿಸಿದ ವಸ್ತುಗಳಾಗಬಹುದು. ಆ ಕೊನೆಯದಕ್ಕೇ ‘ಇನ್‌ಸ್ಟಲೇಶನ್’ ಅಥವಾ ಪ್ರತಿಷ್ಠಾಪನಾ ಕಲೆ ಅಂತಾರೆ.

ಸೂಜಿ, ದಾರ, ಕುಂಕುಮ, ಲಾರಿ ಬಂಪರ್

ಇನ್ನೊಂದು ವಿಷಯ. ಈ ಕಲೆ ಎಲ್ಲಿಂದಲೋ ಬಂದದ್ದು, ನಮ್ಮ ಮನೆಯದ್ದಲ್ಲ ಅಂತ ನಾವು ಅಂದ್ಕೊಂಡಿದ್ದೀವಿ. ಮೂರು ಉದಾಹರಣೆ ಕೊಡ್ತೀನಿ, ಮೂರೂ ನಮ್ಮವೇ.

ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಓದಿದವರು. ಸೆಗಣಿ, ಕುಂಕುಮ, ಸೂಜಿ, ದಾರ, ಇವೆಲ್ಲ ಅವರ ಕೈಯಲ್ಲಿ ಕಲೆಯ ವಸ್ತುಗಳು. ಹೊಸ ವಾಹನದ ಬಂಪರ್‌ಗೆ ದೃಷ್ಟಿ ತಾಗದಿರಲಿ ಅಂತ ಕೂದಲಿನ ಹಗ್ಗ ಕಟ್ಟೋದನ್ನು ನೀವು ನೋಡಿರ್ತೀರಿ. ಅವರು ಅದನ್ನೇ ತಗೊಂಡು, ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ, ಸುಮಾರು 20 ಬಂಪರ್‌ಗಳನ್ನು ಸೇರಿಸಿ ಒಂದು ದೊಡ್ಡ ಕೃತಿ ಮಾಡಿದರು. ಹೆಸರು ‘ಬಿಹೋಲ್ಡ್’. 2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶನವಾಯ್ತು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಆ ಕೂದಲು ಬಂದಿದ್ದು ದೇವಸ್ಥಾನದಲ್ಲಿ ಕೊಟ್ಟ ಮುಡಿಯಿಂದ. ಹರಕೆಯ ಕೂದಲು ಉಕ್ಕಿನ ಬಂಪರ್‌ಗಳ ಭಾರ ಹೊತ್ತು ನೇತಾಡ್ತಿದೆ. ಭಯಕ್ಕೂ ನಂಬಿಕೆಗೂ ಇರೋ ನಂಟು ಅಲ್ಲಿ ಕಣ್ಣಿಗೇ ಕಾಣುತ್ತೆ. ಇದು ಲಂಡನ್‌ನವರಿಗಿಂತ ಮುಂಚೆ ಮಾಗಡಿ ರಸ್ತೆಯ ಲಾರಿ ಡ್ರೈವರ್‌ಗೆ ಅರ್ಥವಾಗುತ್ತೆ.

ಎರಡನೆಯವರು ಪುಷ್ಪಮಾಲಾ ಎನ್. ಬೆಂಗಳೂರಿನವರು. ಅಜ್ಜಿ ಮನೆಯ ಕ್ಯಾಲೆಂಡರ್‌ನಲ್ಲಿ ರವಿವರ್ಮನ ಲಕ್ಷ್ಮಿ ಇದ್ದಳಲ್ಲ, ತಾವರೆ ಮೇಲೆ ನಿಂತವಳು? ಪುಷ್ಪಮಾಲಾ ತಾವೇ ಆ ಲಕ್ಷ್ಮಿಯ ವೇಷ ಹಾಕಿ, ಹಿಂದೆ ಪರದೆ ಕಟ್ಟಿ ಫೋಟೊ ತೆಗೆಸಿಕೊಂಡರು. ಅದೇ ಸರಣಿಯಲ್ಲಿ, ಪತ್ರಿಕೆಯಲ್ಲಿ ಬಂದಿದ್ದ ಆರೋಪಿ ಮಹಿಳೆಯರ ಫೋಟೊವನ್ನೂ ಹಾಗೇ ಮರುಸೃಷ್ಟಿ ಮಾಡಿದರು. ಇದು 2000ದಿಂದ 2004ರ ನಡುವೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಕೆಲಸ. ‘ದಕ್ಷಿಣ ಭಾರತದ ಹೆಣ್ಣು’ ಅಂದರೆ ಹೀಗಿರಬೇಕು ಅಂತ ನಮ್ಮ ತಲೆಯಲ್ಲಿ ಯಾರು ಕೂರಿಸಿದರು ಅನ್ನೋ ಪ್ರಶ್ನೆ ಅದು. ದಿನಕ್ಕೆ ಹತ್ತು ಫಿಲ್ಟರ್ ಹಾಕಿ ಸೆಲ್ಫಿ ತೆಗೆಯೋ ನಮಗೆ ಇದು ಅರ್ಥವಾಗಲ್ಲ ಅಂದರೆ ಹೇಗೆ?

ಮೂರನೆಯವರು ಮೈಸೂರಿನ ಎನ್.ಎಸ್. ಹರ್ಷ. ಮದುವೆಮನೆಯ ಪಂಕ್ತಿಯಲ್ಲಿ ಕೂತ ಹಾಗೆ ಸಾಲು ಸಾಲು ಜನರನ್ನು ಬರೆಯೋದರಲ್ಲಿ ಎತ್ತಿದ ಕೈ. ಅವರ ‘ನೇಶನ್ಸ್’ ಅನ್ನೋ ಕೃತಿಯಲ್ಲಿ ಹೊಲಿಗೆ ಯಂತ್ರಗಳಿವೆ, ಒಂದೊಂದಕ್ಕೂ ಒಂದೊಂದು ದೇಶದ ಬಾವುಟ, ನಡುವೆ ದಾರಗಳ ಸಿಕ್ಕು. ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕನೋ ಅಮ್ಮನೋ ನಿಮ್ಮ ಮನೆಯಲ್ಲಿದ್ದರೆ, ಈ ಕೃತಿಯ ಬಗ್ಗೆ ನಿಮಗಿಂತ ಚೆನ್ನಾಗಿ ಅವರೇ ಹೇಳಬಲ್ಲರು.

ಸರಿ, ಎಲ್ಲಿಗೆ ಹೋಗೋದು?

ಈ ಕೃತಿಗಳೇ ಈ ವಾರ ಸಿಗುತ್ತವೆ ಅಂತಲ್ಲ. ಇಂಥ ಕೆಲಸ ನೋಡೋಕೆ ನಗರದಲ್ಲಿ ಜಾಗಗಳಿವೆ. ನಾಲ್ಕು ರೂಟ್ ಮಾಡಿದ್ದೀನಿ, ಒಂದು ದಿನಕ್ಕೆ ಒಂದು.

ಮೊದಲ ರೂಟ್: ಕುಮಾರಕೃಪ ರಸ್ತೆ ಮತ್ತು ಅರಮನೆ ರಸ್ತೆ. ಮೊದಲ ಸಲ ಹೋಗೋರು ಇಲ್ಲಿಂದಲೇ ಶುರು ಮಾಡಿ. ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಹುಟ್ಟಿದ್ದು. ಅಲ್ಲಿ ಕಾಲೇಜೂ ಇದೆ, ಸಂಗ್ರಹಾಲಯವೂ ಇದೆ, ಬಾಡಿಗೆಗೆ ಕೊಡುವ ಗ್ಯಾಲರಿಗಳೂ ಇವೆ. ಸಂಗ್ರಹಾಲಯಕ್ಕೆ ಟಿಕೆಟ್ ಇದೆ, ತೊಗಲುಗೊಂಬೆಗಳಿಗಾಗಿಯಾದರೂ ಅದನ್ನು ನೋಡಬೇಕು. ಬಾಡಿಗೆ ಗ್ಯಾಲರಿಗಳ ಪ್ರದರ್ಶನಕ್ಕೆ ಸಾಮಾನ್ಯವಾಗಿ ಪ್ರವೇಶ ಉಚಿತ. ಒಂದೇ ಆವರಣದಲ್ಲಿ ಒಂದೇ ದಿನ ಮೂರ್ನಾಲ್ಕು ಪ್ರದರ್ಶನ ಸಿಗೋದು ಇದೆ. ಒಂದು ಇಷ್ಟ ಆಗಲಿಲ್ಲವಾ, ಪಕ್ಕದ ಬಾಗಿಲಿಗೆ ಹೋಗಿ.

ಅಲ್ಲಿಂದ ಆಟೊದಲ್ಲಿ ಸ್ವಲ್ಪ ದೂರ, ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್. ಇದೇ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಎನ್‌ಜಿಎಂಎ. ದೆಹಲಿ, ಮುಂಬೈ ಬಿಟ್ಟರೆ ದೇಶದಲ್ಲಿ ಇದೇ ಮೂರನೆಯದು. 2009ರ ಫೆಬ್ರುವರಿಯಲ್ಲಿ ಶುರುವಾಯ್ತು. ಹಳೇ ಬಂಗಲೆ, ಸುತ್ತ ಮರಗಳು, ಹಿಂದೆ ಹೊಸ ಕಟ್ಟಡ. ಪ್ರವೇಶ ಶುಲ್ಕ 20 ರೂಪಾಯಿ, ಒಂದು ಕಾಫಿಗಿಂತ ಕಮ್ಮಿ. ಸೋಮವಾರ ರಜೆ. ಸಮಕಾಲೀನ ಕಲೆಗೆ ಹಿಂದಿನ ಕಥೆ ಏನು ಅನ್ನೋದು ಇಲ್ಲಿನ ಆಧುನಿಕ ಕಲೆ ನೋಡಿದರೆ ಗೊತ್ತಾಗುತ್ತೆ.

ಎರಡನೇ ರೂಟ್: ಕಸ್ತೂರಬಾ ರಸ್ತೆಯಿಂದ ಎಂ.ಜಿ. ರಸ್ತೆ. ಕಬ್ಬನ್ ಪಾರ್ಕ್ ಮೆಟ್ರೊದಲ್ಲಿ ಇಳಿದು ನಡೆದೇ ಮಾಡಬಹುದು. ಕಸ್ತೂರಬಾ ರಸ್ತೆಯಲ್ಲಿ ಉಕ್ಕಿನ ಹಲಗೆ ಹೊದ್ದ ಒಂದು ಕಟ್ಟಡ ಕಾಣುತ್ತೆ. ನೋಡಿದ ತಕ್ಷಣ ‘ಇದೇನು, ಮನೆ ಮೇಲಿನ ನೀರಿನ ಟ್ಯಾಂಕ್ ಥರ ಇದೆಯಲ್ಲ’ ಅನ್ನಿಸಿದರೆ ನೀವು ಸರಿಯಾಗೇ ನೋಡಿದ್ದೀರಿ, ವಾಸ್ತುಶಿಲ್ಪಿಗಳು ಮನಸ್ಸಲ್ಲಿಟ್ಟುಕೊಂಡಿದ್ದೂ ಅದನ್ನೇ. ಇದು ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ. 2023ರ ಫೆಬ್ರುವರಿಯಲ್ಲಿ ತೆರೆದ ಖಾಸಗಿ ಸಂಗ್ರಹಾಲಯ. ಇಲ್ಲೂ ಸೋಮವಾರ ರಜೆ. ಫೋಟೊ, ಸಿನಿಮಾ ಪೋಸ್ಟರ್, ಜವಳಿ, ಜನಪದ ಕಲೆ, ಹೊಸ ಕಲಾವಿದರ ಕೆಲಸ ಎಲ್ಲಾ ಇಲ್ಲಿನ ಸಂಗ್ರಹದಲ್ಲಿದೆ. ಕೆಲವು ಪ್ರದರ್ಶನಗಳಿಗೆ ಟಿಕೆಟ್ ಇರುತ್ತೆ, ವೆಬ್‌ಸೈಟ್‌ನಲ್ಲಿ ನೋಡ್ಕೊಂಡು ಹೋಗಿ.

ಅದೇ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಅದರ ಕಥೆ ಆಮೇಲೆ ಹೇಳ್ತೀನಿ. ಅಲ್ಲಿಂದ ಮುಂದೆ ನಡೆದರೆ ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ‘ರಂಗೋಲಿ’ ಮೆಟ್ರೊ ಕಲಾ ಕೇಂದ್ರ. ದಿನಾ ಸಾವಿರಾರು ಜನ ಅದರ ಮೇಲೆ ರೈಲಲ್ಲಿ ಹಾದುಹೋಗ್ತಾರೆ, ಕೆಳಗೆ ಗ್ಯಾಲರಿ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೆಳೆಯರು ‘ಇನ್ನೈದು ನಿಮಿಷ’ ಅಂತ ಮೆಸೇಜ್ ಹಾಕಿದಾಗ ಒಂದು ಪ್ರದರ್ಶನ ನೋಡಿ ಮುಗಿಸಬಹುದು. ಆ ಐದು ನಿಮಿಷ ಎಷ್ಟಾಗುತ್ತೆ ಅಂತ ನಮಗೆ ಗೊತ್ತಲ್ಲ.

ಮೂರನೇ ರೂಟ್: ಶಾಂತಿನಗರ ಮತ್ತು ವಿಲ್ಸನ್ ಗಾರ್ಡನ್. ಇದು ಸ್ವಲ್ಪ ಒಳಗಿನ ಜಗತ್ತು. ‘1 ಶಾಂತಿರೋಡ್’ ಅನ್ನೋದು ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರು ತಮ್ಮ ಮನೆಯ ಜಾಗವನ್ನೇ ಕಲಾವಿದರಿಗೆ ತೆರೆದಿಟ್ಟ ತಾಣ. ಊರೂರಿಂದ, ದೇಶದೇಶದಿಂದ ಕಲಾವಿದರು ಬಂದು ಇಲ್ಲಿ ಉಳಿದು ಕೆಲಸ ಮಾಡ್ತಾರೆ. ಪ್ರದರ್ಶನ, ಮಾತುಕತೆ ಇದ್ದಾಗ ಹೋಗಿ. ವಿಲ್ಸನ್ ಗಾರ್ಡನ್‌ನಲ್ಲಿರುವ ಗ್ಯಾಲರಿ ಸುಮುಖ 1996ರಿಂದ ಇದೆ. ಇದು ಕಲೆ ಮಾರುವ ಖಾಸಗಿ ಗ್ಯಾಲರಿ. ಹಾಗಂತ ಕೊಳ್ಳೋರಿಗೆ ಮಾತ್ರ ಅಲ್ಲ, ಸುಮ್ಮನೆ ನೋಡಿ ಬರಬಹುದು. ಬಟ್ಟೆ ಅಂಗಡಿಗೆ ಹೋಗಿ ಏನೂ ತಗೊಳ್ಳದೆ ಬರೋಕೆ ನಮಗೆ ಸಂಕೋಚ ಇಲ್ಲ, ಇಲ್ಲಿ ಯಾಕೆ?

ನಾಲ್ಕನೇ ರೂಟ್: ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ ಬೆಂಗಳೂರು. ವಿಜ್ಞಾನವನ್ನೂ ಕಲೆಯನ್ನೂ ಒಟ್ಟಿಗೆ ಕೂರಿಸೋ ಜಾಗ, 2024ರ ಜನವರಿಯಲ್ಲಿ ತೆರೀತು, ಪ್ರವೇಶ ಉಚಿತ. ಇದನ್ನು ಕಟ್ಟಿರೋದೇ ಹೆಚ್ಚಾಗಿ ನಿಮ್ಮ ವಯಸ್ಸಿನವರಿಗಾಗಿ. ಇಲ್ಲಿ ‘ಮೀಡಿಯೇಟರ್’ ಅಂತ ಇರ್ತಾರೆ, ಬಹುತೇಕ ಯುವಕ-ಯುವತಿಯರೇ. ಕೃತಿಯ ಪಕ್ಕ ನಿಂತು ನಿಮ್ಮ ಜೊತೆ ಮಾತಾಡ್ತಾರೆ. ಮಾತಾಡೋಕೆ ಜನ ಬೇಕು ಅನ್ನೋರು ಇಲ್ಲಿಂದಲೇ ಶುರು ಮಾಡಬಹುದು.

ಒಂದು ಎಚ್ಚರಿಕೆ. ಹೊರಡೋ ಮೊದಲು ಆಯಾ ಜಾಗದ ಇನ್‌ಸ್ಟಾಗ್ರಾಮ್ ಪುಟ ಒಮ್ಮೆ ನೋಡಿ. ಹಳೆಯ ಪ್ರದರ್ಶನ ತೆಗೆದು ಹೊಸದನ್ನು ಹಾಕುವ ದಿನಗಳಲ್ಲಿ ಗೋಡೆ ಖಾಲಿ ಇರುತ್ತೆ. ದುರಸ್ತಿಗಾಗಿ ಗ್ಯಾಲರಿಗಳು ಮುಚ್ಚಿರೋದೂ ಉಂಟು.

ಒಳಗೆ ಹೋದ ಮೇಲೆ

ಈಗ ಒಳಗೆ ಬಂದಿರಿ. ಮೊದಲು ಒಂದು ಸುತ್ತು ಸುಮ್ಮನೆ ನಡೆಯಿರಿ. ಎಲ್ಲಾ ಕೃತಿಗಳನ್ನೂ ನೋಡಲೇಬೇಕು ಅಂತಿಲ್ಲ. ಯಾವುದರ ಮುಂದೆ ಕಾಲು ತಾನಾಗೇ ನಿಲ್ಲುತ್ತೋ ಅದರ ಮುಂದೆ ಎರಡು ನಿಮಿಷ ನಿಲ್ಲಿ. ರೀಲ್ಸ್ ಲೆಕ್ಕದಲ್ಲಿ ಎರಡು ನಿಮಿಷ ಬಹಳ ದೊಡ್ಡದು, ಗೊತ್ತು. ಆದರೂ ನಿಲ್ಲಿ.

ಮೂರು ಪ್ರಶ್ನೆ ಕೇಳ್ಕೊಳ್ಳಿ. ಒಂದು, ಇದನ್ನು ಯಾವುದರಿಂದ ಮಾಡಿದ್ದಾರೆ? ಎರಡು, ಈ ವಸ್ತುವನ್ನು ನಾನು ಬೇರೆ ಎಲ್ಲಿ ನೋಡಿದ್ದೀನಿ? ಮೂರು, ಅಲ್ಲಿದ್ದಾಗ ಇದಕ್ಕೆ ಇದ್ದ ಅರ್ಥ ಇಲ್ಲಿ ಏನಾಗಿದೆ? ಕೂದಲ ಹಗ್ಗ ಲಾರಿಯ ಮೇಲಿದ್ದಾಗ ದೃಷ್ಟಿದಾರ, ಗ್ಯಾಲರಿಯಲ್ಲಿದ್ದಾಗ ಇಡೀ ಸಮಾಜದ ಭಯ. ಈ ಮೂರು ಪ್ರಶ್ನೆ ಅರ್ಧಕ್ಕರ್ಧ ಸಮಕಾಲೀನ ಕಲೆಯ ಬೀಗ ತೆಗೆಯುತ್ತವೆ.

ಆಮೇಲೆ ಪಕ್ಕದ ಚೀಟಿ ಓದಿ. ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ ಇರುತ್ತೆ. ‘ಮಿಶ್ರ ಮಾಧ್ಯಮ’ ಅಂದರೆ ಹಲವು ವಸ್ತುಗಳನ್ನು ಸೇರಿಸಿದ್ದಾರೆ ಅಂತ. ‘ಶೀರ್ಷಿಕೆ ಇಲ್ಲ’ ಅಂತಿದ್ದರೆ, ಹೆಸರಿಡದೇ ಬಿಟ್ಟಿದ್ದಾರೆ ಅಂತ, ನಿಮಗೆ ಏನೋ ಗೊತ್ತಾಗಿಲ್ಲ ಅಂತಲ್ಲ. ಚೀಟಿ ಪಕ್ಕ ಕೆಂಪು ಚುಕ್ಕಿ ಇದ್ದರೆ ಆ ಕೃತಿ ಮಾರಾಟವಾಗಿದೆ ಅಂತ ಅರ್ಥ. ಗೋಡೆ ಮೇಲಿನ ದೊಡ್ಡ ಬರಹ ಕಬ್ಬಿಣದ ಕಡಲೆ ಅನ್ನಿಸಿದರೆ ಬಿಟ್ಟುಬಿಡಿ. ಎಷ್ಟೋ ಸಲ ತಪ್ಪು ಓದೋರದ್ದಲ್ಲ, ಬರೆದೋರದ್ದು. ಇಂಗ್ಲಿಷಲ್ಲಿ ಮಾತ್ರ ಬರೆದಿದ್ದರೆ ‘ಕನ್ನಡದಲ್ಲಿ ಇದೆಯಾ?’ ಅಂತ ಕೇಳಿ. ಕೇಳೋರು ಇದ್ದರೆ ಮುಂದಿನ ಪ್ರದರ್ಶನಕ್ಕೆ ಹಾಕ್ತಾರೆ.

ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ, ಫೋಟೊ ತೆಗೆಯೋ ಮೊದಲು ಒಂದು ಮಾತು ಕೇಳಿ. ನಿಯಮ ಇಷ್ಟೇ. ಇಷ್ಟ ಆಗಲಿಲ್ಲ ಅಂದರೆ ಇಷ್ಟ ಆಗಲಿಲ್ಲ. ಹತ್ತು ಸಿನಿಮಾ ನೋಡಿದರೆ ಎರಡು ಇಷ್ಟ ಆಗುತ್ತೆ, ಕಲೆಯಲ್ಲೂ ಅದೇ ಲೆಕ್ಕ. ‘ಇದು ನಂಗೆ ಹಿಡಿಸಲಿಲ್ಲ, ಯಾಕಂದ್ರೆ...’ ಅಂತ ವಾಕ್ಯ ಶುರು ಮಾಡಿ ನೋಡಿ. ಆ ‘ಯಾಕಂದ್ರೆ’ ಆದ ಮೇಲೆ ಬರೋದೇ ಕಲಾ ವಿಮರ್ಶೆ.

ನಾವು ಹೋಗದಿದ್ದರೆ ಏನಾಗುತ್ತೆ?

ವೆಂಕಟಪ್ಪ ಗ್ಯಾಲರಿ ಕಥೆ ಹೇಳ್ತೀನಿ ಅಂದಿದ್ದೆ. ಕೆ. ವೆಂಕಟಪ್ಪ 1886ರಲ್ಲಿ ಹುಟ್ಟಿದ ಚಿತ್ರಕಾರ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತರು. ಊಟಿ, ಕೊಡೈಕೆನಾಲ್‌ನ ಮಂಜು-ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ವೀಣೆಯನ್ನೂ ಅಷ್ಟೇ ಶ್ರದ್ಧೆಯಿಂದ ನುಡಿಸಿದವರು. 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಸರ್ಕಾರಿ ಗ್ಯಾಲರಿ 1970ರ ದಶಕದಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೀತು. ಕಡಿಮೆ ಬಾಡಿಗೆಗೆ ಸಿಗುತ್ತಿದ್ದರಿಂದ, ದೊಡ್ಡ ಹೆಸರಿಲ್ಲದ, ಹಳ್ಳಿಗಳಿಂದ ಬಂದ ಎಷ್ಟೋ ಹುಡುಗ-ಹುಡುಗಿಯರ ಮೊದಲ ಪ್ರದರ್ಶನ ನಡೆದಿದ್ದು ಅಲ್ಲೇ.

ಸುಮಾರು ಹತ್ತು ವರ್ಷಗಳ ಹಿಂದೆ ಸರ್ಕಾರ ಈ ಗ್ಯಾಲರಿಯ ನಿರ್ವಹಣೆಯನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಲು ಹೊರಟಿತು. ಕಟ್ಟಡದ ಸ್ಥಿತಿ ಚೆನ್ನಾಗಿಲ್ಲ, ಖಾಸಗಿಯವರು ಬಂದರೆ ಸುಧಾರಿಸುತ್ತೆ ಅನ್ನೋದು ಒಂದು ವಾದ. ಅದರಲ್ಲೂ ಹುರುಳಿಲ್ಲ ಅಂತಲ್ಲ, ಸೋರುವ ಛಾವಣಿ ಕೆಳಗೆ ಜಲವರ್ಣ ಉಳಿಯಲ್ಲ. ಆದರೆ ಕಲಾವಿದರು ಕೇಳಿದ ಪ್ರಶ್ನೆ ಬೇರೆ: ನಾಳೆ ಹೆಸರಿಲ್ಲದ ಹುಡುಗಿಗೆ ಇಲ್ಲಿ ಗೋಡೆ ಸಿಗುತ್ತಾ? 2016ರಲ್ಲಿ ಅವರೆಲ್ಲ ಸೇರಿ ಗ್ಯಾಲರಿಯ ಮುಂದೆ ಪ್ರತಿಭಟನೆ ಮಾಡಿದರು. ಆ ಯೋಜನೆ ಮುಂದಕ್ಕೆ ಹೋಗಲಿಲ್ಲ, ಗ್ಯಾಲರಿ ಸಾರ್ವಜನಿಕವಾಗೇ ಉಳೀತು.

ಆ ಹೋರಾಟ ಮಾಡಿದ್ದು ಕಲಾವಿದರು. ಆದರೆ ಅದನ್ನು ಉಳಿಸಿಕೊಳ್ಳಬೇಕಾದೋರು ನೋಡುಗರು. ಒಂದು ಸಾರ್ವಜನಿಕ ಜಾಗಕ್ಕೆ ಸಾರ್ವಜನಿಕರೇ ಬರಲಿಲ್ಲ ಅಂದರೆ, ‘ಇದನ್ನು ಯಾರೂ ಬಳಸ್ತಿಲ್ಲ’ ಅಂತ ಹೇಳೋದು ಬಹಳ ಸುಲಭ.

ಇನ್ನೊಂದು ಲೆಕ್ಕ ನೋಡಿ. ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆ ನಡೆಸ್ತಿದೆ. ಜನವರಿಯ ಒಂದು ಭಾನುವಾರ ಕುಮಾರಕೃಪ ರಸ್ತೆಯಲ್ಲಿ ವಾಹನಗಳು ಬಂದ್, ಕಾಲಿಡೋಕೆ ಜಾಗ ಇರಲ್ಲ. ನಾವೆಲ್ಲ ಹೋಗ್ತೀವಿ, ಮುಖದ ಸ್ಕೆಚ್ ಬರೆಸ್ಕೊತೀವಿ, ಸ್ಟೋರಿ ಹಾಕ್ತೀವಿ. ಬೆಂಗಳೂರಿಗರಿಗೆ ಕಲೆ ಬೇಡ ಅನ್ನೋಕೆ ಆಗಲ್ಲ. ಆದರೆ ಉಳಿದ 51 ಭಾನುವಾರ ಅದೇ ಆವರಣದ ಗ್ಯಾಲರಿಯಲ್ಲಿ ಒಬ್ಬ ಕಲಾವಿದ ಬಾಡಿಗೆ ಕಟ್ಟಿ, ಫ್ರೇಮ್ ಹಾಕಿಸಿ, ಟೆಂಪೊದಲ್ಲಿ ಚಿತ್ರ ತಂದು ನೇತುಹಾಕಿ, ಬಾಗಿಲ ಹತ್ತಿರ ಕುರ್ಚಿ ಹಾಕ್ಕೊಂಡು ಕೂತಿರ್ತಾನೆ. ಪಕ್ಕದಲ್ಲಿ ಸಂದರ್ಶಕರ ಪುಸ್ತಕ. ಬರೋದು ಗೆಳೆಯರು, ನೆಂಟರು, ಅದೇ ಕಾಲೇಜಿನ ಹುಡುಗರು.

ನೀವು ಹೋದರೆ ಅವರ ಹತ್ತಿರ ಮಾತಾಡಿ. ‘ಇದನ್ನ ಮಾಡೋಕೆ ಎಷ್ಟು ದಿನ ಆಯ್ತು?’ ಅನ್ನೋ ಒಂದು ಪ್ರಶ್ನೆ ಸಾಕು. ಸಿನಿಮಾ ಮುಗಿದ ಮೇಲೆ ನಿರ್ದೇಶಕರು ನಿಮಗೆ ಸಿಗಲ್ಲ, ಇಲ್ಲಿ ಮಾಡಿದವರೇ ಎದುರಿಗೆ ಕೂತಿರ್ತಾರೆ. ಬರೋವಾಗ ಪುಸ್ತಕದಲ್ಲಿ ಕನ್ನಡದಲ್ಲೇ ಒಂದು ಸಾಲು ಬರೀರಿ. ‘ಚೆನ್ನಾಗಿದೆ’ ಅಂತಷ್ಟೇ ಬೇಡ. ಯಾವ ಚಿತ್ರ, ಏನು ನೆನಪಾಯ್ತು ಅಂತ ಬರೀರಿ.

ಈ ವಾರಕ್ಕೆ ಒಂದೇ ಕೆಲಸ

ನಾಲ್ಕೂ ರೂಟ್ ಬೇಡ. ಈ ಶನಿವಾರ ಅಥವಾ ಭಾನುವಾರ ಒಂದು ಗಂಟೆ ಇಟ್ಟುಕೊಳ್ಳಿ. ನಿಮಗೆ ಹತ್ತಿರವಾದ ಒಂದು ಜಾಗ ಆರಿಸಿ, ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರ್ಕೊಂಡು ಹೋಗಿ. ಸಾಧ್ಯವಾದರೆ ಅಮ್ಮನನ್ನು ಕರ್ಕೊಂಡು ಹೋಗಿ. ಸೂಜಿ-ದಾರ, ಕುಂಕುಮ, ರಂಗೋಲಿ, ಬಟ್ಟೆ, ಇವುಗಳ ಬಗ್ಗೆ ಅವರು ಹೇಳೋದು ಗೋಡೆ ಮೇಲಿನ ಬರಹಕ್ಕಿಂತ ಎಷ್ಟೋ ಚೆನ್ನಾಗಿರುತ್ತೆ.

ಗೇಟಿನ ಹತ್ತಿರ ಸೆಕ್ಯೂರಿಟಿಯವರು ಕೂತಿದ್ದರೆ ಹೆದರಬೇಡಿ. ‘ಪ್ರದರ್ಶನ ಎಲ್ಲಿ?’ ಅಂತ ಕೇಳಿ, ಕೈ ತೋರಿಸ್ತಾರೆ. ಒಳಗೆ ಹೋಗಿ.

ನೋಡಿ ಬಂದ ಮೇಲೆ ಯಾವ ಕೃತಿಯ ಮುಂದೆ ಕಾಲು ನಿಂತಿತು ಅಂತ ನಮಗೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಅದನ್ನೇ ಕೇಳ್ತಾ ಶುರು ಮಾಡೋಣ.